ಎಡಗಡೆಯ ಮೂಲೆ

"ಚೋಟಿ, ಬೇಗ! ಪೇಂಟ್ ಒಣಗಿದ್ರೆ ಮರಳು ಹಿಡಿಯಲ್ಲ!"

ಚೋಟಿ ಜರಡಿ ಅಲ್ಲಾಡಿಸಿದಳು. ವ್ಯಾನಿನ ನೆಲಕ್ಕೆ ಅಪ್ಪ ಆಗಷ್ಟೇ ಬಳಿದಿದ್ದ ಬೂದು ಬಣ್ಣದ ಮೇಲೆ ಸಣ್ಣ ಮರಳು ಉದುರಿತು.

"ಇದೇನೇ, ನಿನ್ನ ಗಣಿತದ ಮಾರ್ಕ್ಸ್ ಥರ ಅಲ್ಲೊಂದು ಇಲ್ಲೊಂದು ಬೀಳ್ತಿದೆ? ಸಮನಾಗಿ ಹಾಕು."

"ಹೋಗಪ್ಪಾ!" ಎಂದು ಚೋಟಿ ಮೂತಿ ಉಬ್ಬಿಸಿದಳು. ಆದರೆ ಕೈ ನಿಲ್ಲಿಸಲಿಲ್ಲ.

ಅದು ಐಸ್ ಸಾಗಿಸುವ ವ್ಯಾನು. ಐಸ್ ಕರಗಿ, ನೀರು ನಿಂತು ನಿಂತು, ನೆಲಕ್ಕೆಲ್ಲ ತುಕ್ಕು ಹಿಡಿದಿತ್ತು. ಕಾಲಿಟ್ಟರೆ ಜಾರುತ್ತಿತ್ತು ಬೇರೆ. ರಿಪೇರಿ ಮಾಡಿಸಿ ಎಂದು ಓನರ್‌ಗೆ ಹೇಳಿ ಹೇಳಿ ಅಪ್ಪನಿಗೆ ಸಾಕಾಗಿತ್ತು. "ನೋಡೋಣ, ನೋಡೋಣ" ಅನ್ನುವುದು ಆ ಮನುಷ್ಯನಿಗೆ ಬಾಯಿಪಾಠ. ಕೊನೆಗೊಂದು ದಿನ ಅಪ್ಪ ಐಸ್ ಗಡ್ಡೆಯ ಸಮೇತ ಜಾರಿ ಬಿದ್ದ. ಮೊಣಕಾಲು ಊದಿಕೊಂಡು, ಎಷ್ಟೋ ದಿನ ಮನೆಯಲ್ಲೇ ಕೂರಬೇಕಾಯಿತು. ಈಗಲೂ ಕುಂಟುತ್ತಾನೆ.

"ಗಾಡಿ ನಿಮ್ಮನೆ ಹತ್ರಾನೇ ಇರ್ಲಿ. ನೆಲ ಸರಿಮಾಡಿಡು, ಆಮೇಲೆ ಡ್ಯೂಟಿ ನೋಡೋಣ" ಎಂದಿದ್ದರು ಓನರ್. ನೆಲ ಸರಿಯಾದರೆ ಅಪ್ಪನಿಗೆ ವ್ಯಾನು ವಾಪಸ್ ಸಿಗುತ್ತದೆ. ಮನೆಯವರೆಲ್ಲ ಹಾಗೇ ನಂಬಿದ್ದರು.

ಅದಕ್ಕೇ ಅಪ್ಪ ತಂತಿ ಬ್ರಷ್ ಹಿಡಿದು ತುಕ್ಕನ್ನೆಲ್ಲ ಕೆರೆದ. ಚೋಟಿ ಉಪ್ಪುಕಾಗದ ಹಿಡಿದು ಉಜ್ಜಿದಳು. ತುಕ್ಕು ತಡೆಯಲು ಕೆಂಪು ಪ್ರೈಮರ್ ಹಚ್ಚಿದ್ದಾಯಿತು. ಈಗ ಬಣ್ಣ. ಬಣ್ಣ ಹಸಿಯಿರುವಾಗಲೇ ಮರಳು ಹಾಕಿದರೆ ಅದು ಅಂಟಿಕೊಂಡು ನೆಲ ಒರಟಾಗುತ್ತದೆ. ಒಣಗಿದ ಮೇಲೆ ಇನ್ನೊಂದು ಸಲ ಬಣ್ಣ ಹೊಡೆದರೆ ಮುಗಿಯಿತು, ಕಾಲು ಜಾರುವುದಿಲ್ಲ.

"ಮುಂದಿನ ಎಡಗಡೆ ಮೂಲೆ ನಿಂದು" ಎಂದ ಅಪ್ಪ. "ಅಲ್ಲಿಗೆ ನನ್ನ ಮಂಡಿ ಬಗ್ಗಲ್ಲ."

ಚೋಟಿ ನುಸುಳಿ ಹೋಗಿ ಮೂಲೆಗೆ ಬಣ್ಣ ಬಳಿದಳು. ಅಷ್ಟರಲ್ಲಿ ಪಕ್ಕದ ಮನೆಯ ಗೆಳತಿ ಹೊಸ ಸೈಕಲ್ ತಂದು ಟ್ರಿಣ್ ಟ್ರಿಣ್ ಅನ್ನಿಸಿದಳು. ಒಂದೇ ಒಂದು ರೌಂಡ್! ಚೋಟಿ ಓಡಿದಳು. ಒಂದು ಹೋಗಿ ಹತ್ತು ರೌಂಡ್ ಆಯಿತು.

ವಾಪಸ್ ಬಂದಾಗ ಬಣ್ಣ ಒಣಗಿತ್ತು. ಉದುರಿಸಿದ ಮರಳು ಒಂದಿಷ್ಟೂ ಅಂಟಲಿಲ್ಲ. ಅವಳು ಅದನ್ನು ಗುಡಿಸಿ ತೆಗೆದು, ಮರುದಿನ ಅಪ್ಪ ಹೇಳಿದಾಗ, ಮತ್ತೆ ಮರಳು ಕೇಳಿದರೆ ಸಿಕ್ಕಿಬೀಳುತ್ತೇನೆಂದು ಮೇಲೊಂದು ಸಲ ಬರೀ ಬಣ್ಣ ಹೊಡೆದು, ಬಾಯಿ ಮುಚ್ಚಿಕೊಂಡಳು. ಮುಂದಿನ ಭಾನುವಾರ ಸರಿಮಾಡಿದರಾಯಿತು ಎಂದುಕೊಂಡಳು.

ಭಾನುವಾರಕ್ಕೆ ಮೊದಲೇ ಓನರ್ ಬಂದರು. ಜೊತೆಗೊಬ್ಬ ತೆಳ್ಳಗಿನ ಹುಡುಗ ಇದ್ದ.

ಓನರ್ ವ್ಯಾನಿನ ಬಾಗಿಲು ತೆಗೆಸಿ, ನೆಲದ ಮೇಲೆ ಕೈಯಾಡಿಸಿದರು. "ಭೇಷ್! ಫಸ್ಟ್ ಕ್ಲಾಸ್ ಆಗಿದೆ." ಆಮೇಲೆ ಆ ಹುಡುಗನ ಕಡೆ ತಿರುಗಿದರು. "ನಾಳೆಯಿಂದ ಇವ್ನು ಓಡಿಸ್ತಾನೆ."

ಅಪ್ಪನ ಮುಖ ಬಿಳಿಚಿಕೊಂಡಿತು. "ಸಾರ್, ನೆಲ ಸರಿಮಾಡಿದ್ರೆ..."

"ನೆಲ ಸರಿಯಾಯ್ತು ಮಾರಾಯ, ನಿನ್ನ ಕಾಲು? ಕುಂಟ್ಕೊಂಡು ಐಸ್ ಎತ್ತಕ್ಕಾಗುತ್ತಾ? ಕೀ ಕೊಡು."

ಅಮ್ಮ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿಬಿಟ್ಟಳು. ಚೋಟಿ ಆ ಹುಡುಗನನ್ನು ದುರುಗುಟ್ಟಿ ನೋಡಿದಳು. ಕೆರೆದವರು ನಾವು, ಉಜ್ಜಿದವರು ನಾವು. ಓಡಿಸುವವನು ಇವನಾ?

ಹುಡುಗ ವ್ಯಾನಿನೊಳಗೆ ಹತ್ತಿದ. ಜಾರಲಿ, ಜಾರಲಿ ಎಂದು ಚೋಟಿ ಮನಸ್ಸಿನಲ್ಲೇ ಶಪಿಸಿದಳು. ಅವನು ನೆಲವನ್ನು ತುಳಿದು ನೋಡಿದ. ಜಾರಲಿಲ್ಲ. ಅವಳೇ ಉದುರಿಸಿದ ಮರಳು ಅವನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಅಪ್ಪ ಕೀ ಕೊಟ್ಟ. ಕೊಟ್ಟು ಸುಮ್ಮನಾಗಲಿಲ್ಲ. "ದಿನಾ ಸಂಜೆ ನೀರೆಲ್ಲ ಒರೆಸಪ್ಪಾ. ಹಿಂದೆ ನೀರು ಹೋಗೋ ತೂತಿದೆ, ಅದು ಕಟ್ಕೊಳ್ಳಕ್ಕೆ ಬಿಡ್ಬೇಡ. ಬಣ್ಣ ಎಲ್ಲಾದ್ರೂ ಎದ್ರೆ ತಕ್ಷಣ ಹಚ್ಬಿಡು, ಇಲ್ದಿದ್ರೆ ತುಕ್ಕು ಒಳಗೊಳಗೇ ತಿನ್ನುತ್ತೆ."

ಇವನಿಗೇಕೆ ಹೇಳುತ್ತಾನೆ ಅಪ್ಪ? ಚೋಟಿಗೆ ಅಳು ಬಂತು.

"ಮೊದಲ್ನೇ ಗಡ್ಡೆ ಎಲ್ಲಿಡ್ಬೇಕಣ್ಣ?" ಎಂದು ಕೇಳಿದ ಹುಡುಗ.

"ಮುಂದೆ ಎಡಗಡೆ ಮೂಲೇಲಿ" ಎಂದ ಅಪ್ಪ.

ಹುಡುಗ ಕೆಳಗಿಳಿಯಲು ಕಾಲೆತ್ತಿದಾಗ ಅವನ ಚಪ್ಪಲಿಯ ಅಟ್ಟೆ ಕಾಣಿಸಿತು. ಸವೆದು ಸವೆದು ನುಣ್ಣಗಾಗಿತ್ತು. ಅಪ್ಪ ಬಿದ್ದ ದಿನ ಹಾಕಿಕೊಂಡಿದ್ದ ಚಪ್ಪಲಿಯೂ ಹೀಗೇ ಇತ್ತು.

ಚೋಟಿ ಮೂಲೆಯ ಕಡೆ ನೋಡಿದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ಆ ಮೂಲೆ ಜಾರುತ್ತೆ" ಎಂದಳು. "ಅಲ್ಲಿ ಮರಳು ಹಿಡಿದಿಲ್ಲ. ನಾನು ಸೈಕಲ್ ಹೊಡೆಯಕ್ಕೆ ಹೋಗಿದ್ದೆ."

ಅಪ್ಪ ತಿರುಗಿ ಅವಳನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಥ್ಯಾಂಕ್ಸ್ ಪುಟ್ಟಿ, ಹುಷಾರಾಗಿರ್ತೀನಿ" ಎಂದ ಹುಡುಗ.

ವ್ಯಾನು ಹೊರಟಿತು. ಅದು ನಿಲ್ಲುತ್ತಿದ್ದ ಜಾಗದಲ್ಲಿ ಬೂದು ಬಣ್ಣದ ಹನಿಗಳು ಮಾತ್ರ ಉಳಿದಿದ್ದವು.

"ಮೊನ್ನೇನೇ ಹೇಳಿದ್ರೆ ಇಬ್ರೂ ಸೇರಿ ಸರಿಮಾಡ್ತಿದ್ವಲ್ಲೇ" ಎಂದ ಅಪ್ಪ ಮೆಲ್ಲಗೆ. "ಇನ್ನು ಆ ಗಾಡಿ ಮುಟ್ಟೋ ಹಾಗಿಲ್ಲ." ಅವನು ಕುಂಟುತ್ತಾ ಒಳಗೆ ಹೋದ.

ಚೋಟಿ ರಸ್ತೆಯಲ್ಲೇ ನಿಂತಿದ್ದಳು. ಓನರ್ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು. ನಾಳೆ ಆ ಮೂಲೆಗೆ ಹುಡುಗ ನಿಧಾನವಾಗಿ ಕಾಲಿಡಲಿ ಎಂದುಕೊಂಡಳು.