ಗುರುಬಸವ್ವನ ಹೆಪ್ಪು

ಗುರುಬಸವ್ವನ ಸೊಂಟಕ್ಕೆ ಕಟ್ಟಿದ ಮಜ್ಜೆಗಾವಲು ಪಟ್ಟಿ ‘ಟುಕ್’ ಎಂದಿತು. ಗಂಟೆಗೊಮ್ಮೆ ಈ ಪಟ್ಟಿ ಕೂದಲಿಗಿಂತ ಸಣ್ಣ ಸೂಜಿಯಿಂದ ಹನಿ ರಕ್ತ ಹೀರಿ, ಅದರಲ್ಲಿ ಕ್ಯಾನ್ಸರಿನ ಸುಳಿವೆಷ್ಟೆಂದು ಅಳೆದು, ತಕ್ಕಷ್ಟು ಮದ್ದನ್ನು ಒಳಗೆ ಬಿಡುತ್ತಿತ್ತು. ಧಾರವಾಡದಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಮೊಸರು ಮಾರುವ ಅವಳಿಗೆ ಮಯಲೋಮಾ, ಅಂದರೆ ಎಲುಬಿನ ಮಜ್ಜೆಯ ಕ್ಯಾನ್ಸರ್, ಬಂದು ಮೂರು ವರ್ಷವಾಗಿತ್ತು. ಹಾಸಿಗೆ ಹಿಡಿದಿದ್ದವಳನ್ನು ಎಬ್ಬಿಸಿ ಕೂರಿಸಿದ್ದು ಈ ಪಟ್ಟಿಯೇ.

ಇಂದು ಅವಳು ತಪಾಸಣೆಗೆ ಆಸ್ಪತ್ರೆಗೆ ಬಂದಿದ್ದಳು. ಪಟ್ಟಿಯನ್ನು ರೂಪಿಸಿದ ಡಾ. ಪದ್ಮಪ್ರಭಾ ಉಪಾಧ್ಯೆ ಅದರ ದಾಖಲೆ ತೆರೆದು ಕೂತಿದ್ದರು. ಒಂದು ಗಳಿಗೆಯೂ ಕಳಚಕೂಡದು, ಕಳಚಿದರೆ ಅದನ್ನು ಹಿಂದಕ್ಕೆ ಪಡೆದು ಸರದಿಯಲ್ಲಿ ಕಾಯುತ್ತಿರುವ ಬೇರೆ ರೋಗಿಗೆ ಕೊಡುತ್ತಾರೆ. ಅದು ನಿಯಮ. ಗುರುಬಸವ್ವ ದಿನವೂ ಕಳಚುತ್ತಿದ್ದಳು.

“ಅವ್ವಾರ, ದಿನಾ ಸಂಜಿಂದ ಬೆಳಗಿನ ತನಕ ಪಟ್ಟಿ ಮೈಮ್ಯಾಲೆ ಇರಂಗಿಲ್ಲಲ್ಲ?”

ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. “ಹೆಪ್ಪು ಹಾಕೂದಿರತೈತ್ರೀ ಬಾಯಾರ. ನಮ್ಮತ್ತಿ ಕೊಟ್ಟ ಹೆಪ್ಪು, ನಲವತ್ತು ವರ್ಷ ಕೆಟ್ಟಿಲ್ಲ. ಕಣ್ಣಿಗೆ ಕಾಣದ ಜೀವಾ ಕೊಲ್ಲೂ ಮದ್ದು ಅಂತ ನೀವ ಹೇಳಿದ್ರಿ. ಹೆಪ್ಪೂ ಸತ್ತೀತು ಅಂತ ಅಂಜಿ, ಮೊಸರು ಗಟ್ಟಿ ಆಗೂತನಾ ಪಟ್ಟಿ ಹಿತ್ತಲದಾಗ ಗೂಟಕ್ಕ ಹಾಕತೇನ್ರೀ. ತಪ್ಪಾತು. ಪಟ್ಟಿ ಮಾತ್ರ ಕಸಗೋಬ್ಯಾಡ್ರೀ.”

ಡಾಕ್ಟರು ಸಿಟ್ಟಾಗಲಿಲ್ಲ. ಪಟ್ಟಿಯನ್ನು ಚಾಚೂ ತಪ್ಪದೆ ಕಟ್ಟಿಕೊಂಡ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿಗೆ ಮದ್ದು ನಾಟುವುದೇ ನಿಂತಿತ್ತು. ಮದ್ದಿಗೆ ಬಗ್ಗುವ ಕೋಶಗಳೆಲ್ಲ ಸತ್ತು, ಬಗ್ಗದ ಮೊಂಡುಕೋಶಗಳು ಖಾಲಿಯಾದ ಜಾಗದಲ್ಲಿ ಹಬ್ಬಿದ್ದವು. ಇದಕ್ಕೆ ಔಷಧ ನಿರೋಧ ಎಂದು ಹೆಸರು. ದಿನವೂ ಕಳಚಿದ ಗುರುಬಸವ್ವನ ಮಜ್ಜೆಯಲ್ಲಿ ಮಾತ್ರ ಮೊಂಡರ ಸುಳಿವೇ ಇರಲಿಲ್ಲ.

“ದಿನಾ ಕಳಚಿದ್ರೂ ನಿಮಗ ಮದ್ದು ಇನ್ನೂ ನಾಟತೈತಿ. ಯಾಕಂತ ತಿಳಿವಲ್ದು,” ಎಂದರು ಡಾಕ್ಟರು, ಬಗ್ಗುವ, ಬಗ್ಗದ ಕೋಶಗಳ ಕಥೆಯನ್ನು ಬಿಡಿಸಿ ಹೇಳಿ.

ಬೈಗುಳ ಬೀಳದ್ದು ಕಂಡು ಗುರುಬಸವ್ವನಿಗೆ ಧೈರ್ಯ ಬಂತು. “ಅದರಾಗೇನೈತ್ರೀ? ಗಡಿಗಿ ತಿಕ್ಕಿ ತೊಳದು ಬರೇ ಹಾಲು ಇಟ್ಟ ನೋಡ್ರಿ. ಕಂಡಕಂಡದ್ದೆಲ್ಲಾ ಹೊಕ್ಕು ನಾರತೈತಿ. ಹಳೇ ಹೆಪ್ಪು ಒಂದೀಟು ಇದ್ರ ಅದು ಬ್ಯಾರೇದಕ್ಕ ಜಾಗಾ ಕೊಡಂಗಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಹತ್ತು ವರ್ಷ ಅವರು ಗಡಿಗೆ ತಿಕ್ಕಿದ್ದೇ ತಿಕ್ಕಿದ್ದು. ಗುರುಬಸವ್ವನ ಹಾಗೆ ರಾತ್ರಿ ಮದ್ದು ನಿಲ್ಲಿಸಿ ಬಗ್ಗುವ ಕೋಶಗಳನ್ನು ಒಂದಿಷ್ಟು ಉಳಿಸಿಕೊಂಡರೆ ಅವೇ ಮೊಂಡರನ್ನು ತಡೆದಾವು ಎಂದು ಅವರಿಗೆ ಹೊಳೆದಿರಲಿಲ್ಲ.

ಪಟ್ಟಿ ಗುರುಬಸವ್ವನಲ್ಲೇ ಉಳಿಯಿತು. ಒಂಬತ್ತು ಮಂದಿಗೆ ಮದ್ದು ಬದಲಿಸಿ, ಸಂಜೆಯಿಂದ ಬೆಳಗಿನವರೆಗೆ ತಾನಾಗಿ ಸುಮ್ಮನಾಗುವ ಹೊಸ ಪಟ್ಟಿ ಕಟ್ಟಿದರು. ವರ್ಷ ಕಳೆದರೂ ಏಳು ಮಂದಿಗೆ ಮದ್ದು ನಾಟುತ್ತಲೇ ಇತ್ತು. ಆ ಸುದ್ದಿ ಹೇಳಲು ಡಾಕ್ಟರು ಮನೆಗೇ ಬಂದಾಗ ಗುರುಬಸವ್ವ ಹಿಗ್ಗಿ ಹೀರೇಕಾಯಿಯಾದಳು.

ಅವಳಿಗೂ ಕೊಟ್ಟಿದ್ದ ಹೊಸ ಪಟ್ಟಿ ಹಿತ್ತಲ ಗೂಟಕ್ಕೆ ನೇತಾಡುತ್ತಿತ್ತು.

“ಅವ್ವಾರ, ಈಗ ಅದು ತಾನ ಬಂದ್ ಆಗತೈತಿ. ಕಳಚೂ ಕಾರಣಿಲ್ಲ.”

ಗುರುಬಸವ್ವ ಬೆಚ್ಚಗಿನ ಹಾಲಿಗೆ ಹೆಪ್ಪು ಬಿಡುತ್ತ ನಕ್ಕಳು. “ಅದು ನಿಮಗ ಗೊತ್ತು, ನನಗ ಗೊತ್ತು. ಹೆಪ್ಪಿಗೆ ಹೆಂಗ ಗೊತ್ತಾಗಬೇಕ್ರೀ?”