ಕೆಂಪಾಜಜ್ಜಿಯ ಅಕ್ಕಿ

ಇಡ್ಲಿ ಹೋಟೆಲಿನ ಹಿಂಬಾಗಿಲಲ್ಲಿ ಕೆಂಪಾಜಜ್ಜಿ ತಮ್ಮ ಚೀಲವನ್ನು ಮೊರಕ್ಕೆ ಸುರಿಯುತ್ತಿದ್ದರು. ಚಟ್ನಿ ಡಬ್ಬಿ ಹಿಡಿದು ಬಂದ ಕವನ ಅಲ್ಲೇ ನಿಂತುಬಿಟ್ಟಳು.

ಸುರಿದದ್ದು ಅಕ್ಕಿ. ಅದೂ ಅಂತಿಂಥ ಅಕ್ಕಿಯಲ್ಲ. ರೇಷನ್ ಅಂಗಡಿಯ ದಪ್ಪಕ್ಕಿ, ಸೋನಾ ಮಸೂರಿ, ಕೆಂಪಕ್ಕಿ, ನುಚ್ಚು ಎಲ್ಲ ಬೆರೆತದ್ದು. ಇಂಥ ಅಕ್ಕಿ ತಿ. ನರಸೀಪುರದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಇರುವುದು ಕವನಳ ಬೀದಿಯ ಡಬ್ಬದಲ್ಲಿ ಮಾತ್ರ. ನಿನ್ನೆ ತಾನೇ ಆ ಡಬ್ಬ ಹೊತ್ತು ಹೋಗಿ ಅಜ್ಜಿಗೆ ಅಕ್ಕಿ ಕೊಟ್ಟು ಬಂದವಳು ಅವಳೇ.

ಹೋಟೆಲಿನ ಮಂಗಳಗೌರಿ ಮೊರ ಎತ್ತಿಕೊಂಡು ಒಳಗೆ ಹೋದಳು. ಅಜ್ಜಿ ಖಾಲಿ ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕವನ ಚಟ್ನಿಯನ್ನೂ ತೆಗೆದುಕೊಳ್ಳದೆ ಮನೆ ಕಡೆ ಓಡಿದಳು.

ಆ ಡಬ್ಬದ ವಿಷಯ ಸ್ವಲ್ಪ ಹೇಳಬೇಕು. ಬೀದಿಯ ಸಂಘಕ್ಕೆ ದೊಡ್ಡಸಿದ್ದಯ್ಯ ತಾತನೇ ಹಿರಿಯರು. ಹೋದ ಅಂಬೇಡ್ಕರ್ ಜಯಂತಿಯ ದಿನ ಎಲ್ಲರೂ ಪಾಯಸ ಉಂಡು ಕೈ ತೊಳೆಯುವಾಗ ಅವರು, "ಬರೀ ಉಂಡು ಎದ್ದೋದ್ರೆ ಆಯ್ತಾ? ಏನಾರ ಮಾಡನ" ಎಂದರು. ಅಂದಿನಿಂದ ಬೀದಿಯ ಪ್ರತಿ ಮನೆಯಲ್ಲೂ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಶನಿವಾರ ಸ್ಕೂಲ್ ಬಿಟ್ಟ ಮೇಲೆ ಐದನೇ ಕ್ಲಾಸಿನ ಮಕ್ಕಳು ಸರದಿಯ ಮೇಲೆ ಡಬ್ಬ ಹಿಡಿದು ಅದನ್ನೆಲ್ಲ ಒಟ್ಟು ಮಾಡುತ್ತಾರೆ.

ಅದು ಕೆಂಪಾಜಜ್ಜಿಗೆ. ಅವರು ಅಕ್ಕಿ ಗಿರಣಿಯ ಅಂಗಳ ಗುಡಿಸಿಕೊಂಡು ಅಲ್ಲೇ ಒಂದು ಕೋಣೆಯಲ್ಲಿ ಇದ್ದವರು. ಗಿರಣಿ ಮುಚ್ಚಿತು, ಕೋಣೆಯೂ ಹೋಯಿತು. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಬಾಗಿಲು ಹಾಕಿರುವ ಕ್ಯಾಸೆಟ್ ಅಂಗಡಿಯ ಜಗಲಿಯೇ ಅವರ ಮನೆ.

"ಸಿದ್ಧಾರ್ಥ, ಒಂದು ವಿಷ್ಯ ಹೇಳ್ತೀನಿ. ಯಾರಿಗೂ ಹೇಳ್ಬಾರ್ದು" ಎಂದಳು ಕವನ, ಪಕ್ಕದ ಮನೆಯ ಗೆಳೆಯನಿಗೆ.

"ಹೇಳಲ್ಲ ಕಣೇ, ಪ್ರಾಮಿಸ್."

ಸಿದ್ಧಾರ್ಥನ ಪ್ರಾಮಿಸ್ ಎಂದರೆ ಇಡೀ ಬೀದಿಗೇ ಗೊತ್ತು. ಸಂಜೆ ನೀರು ಬರುವಷ್ಟರಲ್ಲಿ ನಲ್ಲಿಯ ಮುಂದೆ ಅದೇ ಮಾತು.

"ಕೊಟ್ಟ ಅಕ್ಕೀನ ಓಟ್ಲಿಗೆ ಮಾರ್ಕತಾಳಂತೆ ಕಣಕ್ಕ."

"ನಮ್ ಮಕ್ಕಳಿಗೆ ಒಂದಿಡಿ ಕಮ್ಮಿ ಮಾಡಿ ಕೊಟ್ಟಿದ್ಕೆ ಇಂಗಾ?"

ದೊಡ್ಡಸಿದ್ದಯ್ಯ ತಾತ ಕವನಳನ್ನು ಕರೆಸಿದರು. "ನೀನೇ ನೋಡುದ್ಯಾ ಮಗ?"

"ಹೂಂ ತಾತ."

"ಕಾಸು ಇಸ್ಕಂಡ್ಳಾ?"

"ಅದು ಗೊತ್ತಿಲ್ಲ ತಾತ."

ತಾತ ಗಡ್ಡ ಕೆರೆದುಕೊಂಡರು. "ಈ ಶನಿವಾರ ಡಬ್ಬ ಬ್ಯಾಡ ಬುಡಿ. ಆಮೇಲೆ ನೋಡನ" ಎಂದರು.

ಹುಡುಗಿ ಭಾರಿ ಚುರುಕು ಎಂದು ಎಲ್ಲರೂ ಕವನಳ ಬೆನ್ನು ತಟ್ಟಿದರು. ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಆ ರಾತ್ರಿ ಅರ್ಧ ಊಟದಲ್ಲೇ ಎದ್ದಳು. ನೋಡಿದ್ದನ್ನೇ ಹೇಳಿದ್ದೇನೆ, ಸುಳ್ಳು ಹೇಳಿಲ್ಲ. ಮತ್ತೆ ಯಾಕೆ ಹೀಗಾಗುತ್ತಿದೆ? ಅವಳಿಗೆ ತಿಳಿಯಲಿಲ್ಲ.

ಶನಿವಾರ ಡಬ್ಬ ಹೊರಡಲಿಲ್ಲ. ಸೋಮವಾರ ಸ್ಕೂಲಿಗೆ ಹೋಗುವಾಗ ಕವನ ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆದಳು. ಆದರೂ ಅಜ್ಜಿ ಜಗಲಿಯಿಂದಲೇ ಕರೆದರು.

"ಯಾಕ್ ಮಗ, ಈ ಸಲ ನೀವ್ಯಾರೂ ಬರ್ನಿಲ್ಲ? ಪರೀಕ್ಷೆನಾ?"

"ಹೂಂ ಅಜ್ಜಿ. ಟೆಸ್ಟು."

"ಆಗ್ಲಿ ಬುಡು. ಚೆನ್ನಾಗಿ ಓದವ್ವ."

ಕವನಳಿಗೆ ಇನ್ನಷ್ಟು ಗೊಂದಲವಾಯಿತು. ಮೋಸ ಮಾಡಿದವರು ಹೀಗೆ ಮಾತಾಡುತ್ತಾರಾ? ಈಗ ಸುಳ್ಳು ಹೇಳಿದ್ದು ಅಜ್ಜಿಯಲ್ಲ, ತಾನು. ಆ ದಿನ ಗಣಿತದ ಮೇಷ್ಟ್ರು ಎರಡು ಸಲ ಹೆಸರು ಕೂಗಿದರೂ ಅವಳಿಗೆ ಕೇಳಿಸಲಿಲ್ಲ.

ಸ್ಕೂಲ್ ಬಿಟ್ಟವಳು ನೇರ ಹೋಟೆಲಿನ ಹಿಂಬಾಗಿಲಿಗೆ ಹೋದಳು. ಮಂಗಳಗೌರಿ ಉದ್ದು ತೊಳೆಯುತ್ತಿದ್ದಳು.

"ಗೌರಕ್ಕ, ಕೆಂಪಾಜಜ್ಜಿ ನಿಮಗೆ ಅಕ್ಕಿ ಮಾರ್ತಾರಾ?"

"ಮಾರದಾ? ಯಾರಂದೋರು?" ಮಂಗಳಗೌರಿ ಕೈ ಒದರಿ ಎದ್ದಳು. "ನೀವು ಅಕ್ಕಿ ಕೊಡ್ತೀರಿ, ಸರಿ. ಅದ ಬೇಯ್ಸಾಕೆ ಅವಳಿಗೆ ಒಲೆ ಎಲ್ಲದೆ?"

ಕವನ ಹೋಟೆಲಿನ ಒಲೆಯ ಕಡೆ ನೋಡಿದಳು.

"ಮೂರು ಇಟ್ಟಿಗೆ ಇಟ್ಕಂಡು ಬೇಯಿಸ್ತಿದ್ಳು. ಗೋಡೆ ಮಸಿ ಆಯ್ತದೆ, ಒಲೆ ಅಚ್ಚುದ್ರೆ ಜಾಗ ಖಾಲಿ ಮಾಡು ಅಂದ್ರು ಆ ಅಂಗ್ಡಿ ಓನರ್ರು. ಅದ್ಕೇ ಅಕ್ಕಿ ನಂಗೆ ಕೊಡ್ತಾಳೆ. ನಾನು ದಿನಾ ಮಧ್ಯಾಹ್ನ ಒಂದು ತಟ್ಟೆ ಊಟ ಆಕ್ತೀನಿ. ಈ ವಾರ ಅಕ್ಕಿನೂ ಇಲ್ಲ. ನಂದೂ ಸಣ್ಣ ಓಟ್ಲು, ಎಷ್ಟೂಂತ ಸುಮ್ನೆ ಊಟ ಆಕಾಕೆ ಆದದು? ಇವತ್ತು ಬೆಳಿಗ್ಗೆಯಿಂದ ಒಂದು ಟೀಲಿ ಕುಂತವ್ಳೆ."

ಒಂದು ಟೀಯಲ್ಲಿ. ಕವನ ಮನೆ ಕಡೆ ನಡೆದಳು. ಬೀದಿ ತುಂಬ ದೊಡ್ಡವರಿದ್ದಾರೆ. ಇಷ್ಟು ತಿಂಗಳು ಅಕ್ಕಿ ಕೊಟ್ಟಿದ್ದಾರೆ. ಒಲೆ ಇದೆಯಾ ಎಂದು ಒಬ್ಬರೂ ಕೇಳಲಿಲ್ಲವೇ?

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದಳು. ಅವ್ವ ಸಾಕಮ್ಮ ಹುರುಳಿಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೀಮೆಎಣ್ಣೆ ಸ್ಟವ್ ಆರಿಸಿ ತಿರುಗಿದಳು.

"ಒಲೆ ಇಲ್ಲ ಅಂತ ನಂಗೂ ಗೊತ್ತಿರ್ನಿಲ್ಲ ಕಣವ್ವ."

"ಮತ್ತೆ ಅನ್ನಾನೇ ಯಾಕೆ ಕೊಡಲ್ಲ ನಾವು? ಅಕ್ಕಿ ಯಾಕೆ ಕೊಡೋದು?"

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಅವ್ರು ಬೇರೆ ಜನ. ನಮ್ಮನೇಲಿ ಬೇಯ್ಸಿದ್ದ ಉಣ್ಣಲ್ಲ."

"ಅಂತ ಅಜ್ಜಿ ಹೇಳಿದ್ರಾ?"

"ಅದ ಬಾಯ್ಬುಟ್ಟು ಯಾರು ಏಳಾರು? ನಮ್ಮೂರಲ್ಲಿ ಒಂದು ಮನೆಯೋರು ಎಲ್ರೂ ಜ್ವರ ಬಂದು ಮಲಗಿದ್ರು. ನಾವು ಗದ್ದೆ ಕೆಲ್ಸಕ್ಕೆ ಓಗ್ತಿದ್ದ ಮನೆ ಅಂತ ನಮ್ಮವ್ವ ಮುದ್ದೆ, ಸಾರು ಮಾಡಿ ತಕಂಡೋದ್ಳು. ಅವ್ರು ಬ್ಯಾಡ ಅನ್ನಿಲ್ಲ. ಈಸ್ಕಂಡು, ನಮ್ಮವ್ವ ಇನ್ನೂ ಅಂಗಳ ದಾಟಿರ್ನಿಲ್ಲ, ದನದ ಕಲಗಚ್ಚಿಗೆ ಸುರುದ್ರು. ಅಕ್ಕಿಯಾದ್ರೆ ಯಾರೂ ಅಂಗೆ ಮಾಡಲ್ಲ."

ಕವನಳಿಗೆ ಅದು ಅರ್ಥವಾಗಲೇ ಇಲ್ಲ. ಹಸಿದವರು ಊಟ ಯಾಕೆ ಚೆಲ್ಲುತ್ತಾರೆ? ಅವ್ವ ಹೇಳುವುದೂ ನಿಜವೇ ಇರಬೇಕು, ಅವ್ವನ ಮುಖ ಹಾಗಿತ್ತು. ಆದರೆ ಕೆಂಪಾಜಜ್ಜಿ ಬೆಳಿಗ್ಗೆಯಿಂದ ಒಂದು ಟೀಯಲ್ಲಿ ಕೂತಿರುವುದೂ ನಿಜ. ಎರಡು ನಿಜಗಳನ್ನು ಇಟ್ಟುಕೊಂಡು ಏನು ಮಾಡುವುದು? ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

"ಎಲ್ಲಿಗೇ?"

"ಕೇಳ್ಕೊಂಡು ಬರ್ತೀನಿ."

ಅಜ್ಜಿ ಜಗಲಿಯ ಮೇಲೆ ಗೋಣಿ ಹಾಸುತ್ತಿದ್ದರು. ಕವನ ಒಂದೇ ಉಸಿರಿಗೆ ಕೇಳಿಬಿಟ್ಟಳು. "ಅಜ್ಜಿ, ನೀವು ನಮ್ಮನೇಲಿ ಬೇಯಿಸಿದ್ದು ಉಣ್ಣಲ್ವಾ?"

ಅಜ್ಜಿ ಗೋಣಿಯ ಸುಕ್ಕು ಸರಿಮಾಡಿದರು.

"ಮೊದ್ಲು ಉಣ್ತಿರ್ನಿಲ್ಲ ಕಣವ್ವ" ಎಂದರು. "ಸುಳ್ಳು ಯಾಕೇಳ್ಲಿ. ನಮ್ಮತ್ತೆ ಕಾಲ್ದಲ್ಲಿ ಅಂಗೇ ಇದ್ದೊ."

"ಈಗ?"

"ಈಗ ಯಾರೂ ಕರ್ದೇ ಇಲ್ವಲ್ಲ ಮಗ. ಅಕ್ಕಿ ಕೊಟ್ಟು ಓಗ್ತೀರಿ. ಬೀದೀಲಿ ಮಲಗೋಳ್ನ ಮನೆಯೊಳಿಕ್ಕೆ ಯಾರು ಕರೆದಾರು ಅಂತ ನಾನೂ ಸುಮ್ಗಿದ್ದೆ."

ಕವನ ಅಜ್ಜಿಯ ಕೈ ಹಿಡಿದು ಎಬ್ಬಿಸಿದಳು.

ಇಬ್ಬರೂ ಬೀದಿಗೆ ಬಂದಾಗ ನಲ್ಲಿಯ ಮುಂದಿದ್ದವರೆಲ್ಲ ಮಾತು ನಿಲ್ಲಿಸಿದರು. ಯಾರದೋ ಕೊಡ ತುಂಬಿ ನೀರು ಚರಂಡಿಗೆ ಹರಿಯುತ್ತಿತ್ತು. ಸಿದ್ಧಾರ್ಥ ಓಡಿಬಂದು, "ಏನಾಯ್ತೇ?" ಎಂದ. ಕವನ ಒಲೆಯ ವಿಷಯ ಹೇಳಿದಳು. ಈ ಸಲ ಪ್ರಾಮಿಸ್ ಕೇಳಲಿಲ್ಲ.

ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಕಾಲೆಲ್ಲ ಧೂಳು ಕಣವ್ವ. ಒಳಿಕ್ಕೆ ಬರ್ಬೋದಾ?" ಎಂದರು ಅಜ್ಜಿ.

ಅವ್ವ ಪಕ್ಕಕ್ಕೆ ಸರಿದು, "ಬನ್ನಿ" ಎಂದಳು. ಚಾಪೆ ಹಾಸಿ, ತಟ್ಟೆ ಇಟ್ಟು, ಬಿಸಿ ಅನ್ನ, ಹುರುಳಿಕಾಳಿನ ಸಾರು ಬಡಿಸಿದಳು.

ಅಜ್ಜಿ ತಟ್ಟೆಯನ್ನೇ ನೋಡುತ್ತ ಕೂತರು. ಕೈ ಮುಂದೆ ಬರಲಿಲ್ಲ. ಅವ್ವ ಗೋಡೆಗೆ ಒರಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕರೆದುಕೊಂಡು ಬಂದು ತಪ್ಪು ಮಾಡಿಬಿಟ್ಟೆನೇನೋ ಎಂದು ಕವನಳಿಗೆ ಭಯವಾಯಿತು.

"ಅಲ್ಲ ಕಣವ್ವ," ಎಂದರು ಅಜ್ಜಿ ಮೆಲ್ಲಗೆ, "ಕೈಗೆ ಒಸಿ ನೀರು ಕೊಡಕಿಲ್ವಾ?"

ಅವ್ವ ಓಡಿಹೋಗಿ ಚೊಂಬು ತಂದಳು. ಅಜ್ಜಿ ಕೈ ತೊಳೆದು ಅನ್ನ ಕಲಸಿದರು. ಮೊದಲ ತುತ್ತು ಬಾಯಿಗೆ ಹೋಗುವವರೆಗೂ ಅವ್ವ ಕದಲಲಿಲ್ಲ. ಆಮೇಲೆ ಎರಡನೆಯದು, ಮೂರನೆಯದು. ಹೊರಗಿನಿಂದ ಸಿದ್ಧಾರ್ಥನ ತಾಯಿಯ ದನಿ ಕೇಳಿಸಿತು. "ಸಾಕಮ್ಮಕ್ಕ, ನಾಳಿಕೆ ನಮ್ಮನೇಲಿ ಅಂತ ಅಜ್ಜಿಗೆ ಏಳಕ್ಕ."

"ಸಾರು ಬೋ ಚೆನ್ನಾಗದೆ. ಇನ್ನೊಸಿ ಬುಡವ್ವ" ಎಂದರು ಅಜ್ಜಿ.

ಸಾರು ತರಲು ಒಳಗೆ ಹೋದ ಅವ್ವ ಬರಲೇ ಇಲ್ಲ. ಕವನ ಹೋಗಿ ನೋಡಿದಳು. ಅವ್ವ ಸಾರಿನ ಪಾತ್ರೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಅಜ್ಜಿ ಉಂಡರಲ್ಲ, ಚೆನ್ನಾಗಿದೆ ಎಂದೂ ಹೇಳಿದರಲ್ಲ. ಮತ್ತೆ ಯಾಕೆ ಅಳು? ಕವನ ಅವ್ವನ ಮುಖವನ್ನೇ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಅವಳಿಗೆ ಏನೋ ಹೊಳೆಯಿತು.

"ಅವ್ವ, ಆ ಮನೆಗೆ ಮುದ್ದೆ ತಗೊಂಡು ಹೋದಾಗ ನೀನೂ ಹೋಗಿದ್ದಾ?"

"ಸಾರಿನ ಪಾತ್ರೆ ಇಡ್ಕಂಡಿದ್ದೋಳೇ ನಾನು" ಎಂದಳು ಅವ್ವ. "ನಿನ್ನಷ್ಟೇ ಇದ್ದೆ."

ಕವನ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ ಅವ್ವನ ಕೈಗೆ ಕೊಟ್ಟಳು.

"ಅಜ್ಜಿ ಕಾಯ್ತಾ ಇದ್ದಾರೆ. ನೀನೇ ಬಡಿಸು, ಬಾ."