ಹಿಂದೆ ಬರೋಳು

ಬೇರೆಯವರು ಕಣ್ಣು ನೋಡಿ ಮನಸೋಲುತ್ತಾರೆ, ನಗು ನೋಡಿ ಸೋಲುತ್ತಾರೆ. ನಾನು ಸೋತದ್ದು ಒಂದು ಕುತ್ತಿಗೆಗೆ. ಅದೂ ಅದರ ಹಿಂಭಾಗಕ್ಕೆ. ನಗುವವರು ನಗಲಿ.

ದಿನಾ ಬೆಳಿಗ್ಗೆ ನನ್ನ ಸೈಕಲ್ಲು ಸೇತುವೆಯ ಏರು ಹತ್ತುವ ಹೊತ್ತಿಗೆ ಅವನು ಪಕ್ಕದಿಂದ ಸುಯ್ಯೆಂದು ಮುಂದೆ ಹೋಗುತ್ತಿದ್ದ. ಆಮೇಲೆ ನದಿಯಾಚೆಯ ದೊಡ್ಡ ಸಿಗ್ನಲ್ಲಿನವರೆಗೂ ನನ್ನ ಕಣ್ಣೆದುರಿಗೆ ಅವನ ಬೆನ್ನೇ. ಕಾಲರಿಲ್ಲದ ಟೀ ಶರ್ಟು, ಹೆಲ್ಮೆಟ್ಟಿನ ಕೆಳಗೆ ಇಣುಕುವ ಗುಂಗುರು ಕೂದಲು, ಬಿಸಿಲಿಗೆ ಕೆಂಪಗೆ ಬೆಂದ ಕುತ್ತಿಗೆ. ಕಿವಿಯ ತುದಿಗಳಲ್ಲಿ ಸಿಪ್ಪೆ ಏಳುತ್ತಿತ್ತು. ಏರಿನಲ್ಲಿ ಅವನು ಸೀಟಿನಿಂದ ಎದ್ದು ತುಳಿಯುವಾಗ ಆ ಕುತ್ತಿಗೆಯಲ್ಲಿ ಒಂದು ಹಟ ಕಾಣುತ್ತಿತ್ತು. ಇಳಿಜಾರಿನಲ್ಲಿ ಮುಖವನ್ನು ಬಿಸಿಲಿಗೆ ಒಡ್ಡಿ ಸೀಟಿ ಹಾಕುತ್ತಿದ್ದ, ಪೂರ್ತಿ ಶ್ರುತಿ ತಪ್ಪಿ.

ನಾನೋ, ಬರೀ ಮೂಟೆ. ಉದ್ದ ತೋಳು, ಕೈಗವಸು, ಮುಖಕ್ಕೆ ಸ್ಕಾರ್ಫು, ಕಪ್ಪು ಕನ್ನಡಕ. ಹೊರಡುವ ಮುಂಚೆ ಸನ್‌ಸ್ಕ್ರೀನ್. "ಹಚ್ಚು ಹಚ್ಚು, ಬೆಳ್ಳಗಾಗ್ತೀಯ," ಎನ್ನುತ್ತಾಳೆ ಅಮ್ಮ. ಬಿಳುಪೂ ಇಲ್ಲ, ಮಣ್ಣೂ ಇಲ್ಲ! ನನ್ನ ಬಣ್ಣ ನನಗೆ ಇಷ್ಟ, ಅದನ್ನು ಸುಟ್ಟುಕೊಳ್ಳಲು ಇಷ್ಟವಿಲ್ಲ, ಅಷ್ಟೇ. ಒಂದು ಬೇಸಿಗೆಯಲ್ಲಿ ಮುಂಗೈ ತುಂಬ ಬೊಬ್ಬೆ ಎದ್ದು ಪೆನ್ನು ಹಿಡಿಯಲಾಗದೆ ಕೂತಿದ್ದೆ. ಸೈಕಲ್ ಬಿಟ್ಟುಬಿಡು ಎಂದರು ಎಲ್ಲರೂ. ನಾನು ಸೈಕಲ್ ಬಿಡಲಿಲ್ಲ, ಮುಸುಕು ಹಾಕಿದೆ.

ನನ್ನ ಕೆಲಸ ಪ್ರೆಸ್ಸಿನಲ್ಲಿ ಕರಡು ತಿದ್ದುವುದು. ಬೇಡದ ಕಡೆ ಬಿದ್ದ ಚುಕ್ಕೆ ಹಿಡಿಯುವುದಕ್ಕೇ ನನಗೆ ಸಂಬಳ. ಅವನ ಕುತ್ತಿಗೆಯ ಮಚ್ಚೆ ನನ್ನ ಕಣ್ಣು ತಪ್ಪಿಸಿಕೊಂಡು ಎಲ್ಲಿಗೆ ಹೋದೀತು? ಮೊದಮೊದಲು ಅದು ಸಾಸಿವೆ ಕಾಳಿನಷ್ಟು, ದುಂಡಗೆ, ಮುದ್ದಾಗಿತ್ತು. ಸುಳ್ಳೇಕೆ ಹೇಳಲಿ, ಅದಕ್ಕೊಂದು ಮುತ್ತು ಕೊಟ್ಟರೆ ಹೇಗೆ ಎಂದು ಸೇತುವೆಯ ಮೇಲೆ ಯೋಚಿಸಿದ್ದೂ ಉಂಟು. ಬಿಸಿಲು ಏರುತ್ತಿದ್ದಂತೆ ಅದರ ಅಂಚು ಒಂದು ಪಕ್ಕಕ್ಕೆ ಹರಡತೊಡಗಿತು, ಕಳಪೆ ಕಾಗದದ ಮೇಲೆ ಶಾಯಿ ಹರಡುವ ಹಾಗೆ. ಅರ್ಧ ಕಂದು, ಅರ್ಧ ಕಪ್ಪು. ಹೀಗೆ ಬಣ್ಣ, ಆಕಾರ ಬದಲಿಸುವ ಮಚ್ಚೆ ಚರ್ಮದ ಕ್ಯಾನ್ಸರ್ ಇರಬಹುದು ಎಂಬ ಸಾಲನ್ನು ಹಿಂದೊಮ್ಮೆ ಆರೋಗ್ಯದ ಪುಸ್ತಕವೊಂದರ ಕರಡಿನಲ್ಲಿ ನಾನೇ ತಿದ್ದಿದ್ದೆ.

ಅಂದು ಸಿಗ್ನಲ್ಲಿನಲ್ಲಿ ಅವನ ಪಕ್ಕಕ್ಕೇ ಸೈಕಲ್ ತಂದು ನಿಲ್ಲಿಸಿದೆ.

"ರೀ, ನಿಮ್ಮ ಕುತ್ತಿಗೆ ಹಿಂದೆ ಒಂದು ಮಚ್ಚೆ ಇದೆ."

ಅವನು ತಿರುಗಿದ. ಮೊದಲ ಸಲ ಮುಂಭಾಗ ನೋಡಿದೆ. ಅದೂ ಪರವಾಗಿಲ್ಲ ಅನ್ನಿಸಿತು. ಹುಬ್ಬು ಒಂದು ಮೇಲೆ, ಒಂದು ಕೆಳಗೆ, ತುಟಿಯ ಮೂಲೆಯಲ್ಲಿ ತುಂಟ ನಗೆ.

"ಇದ್ರೆ?"

"ಅದು ಬೆಳೀತಿದೆ. ಡಾಕ್ಟರಿಗೆ ತೋರಿಸಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನ್ ಮಾರ್ತೀರಿ ಮೇಡಂ? ಕ್ರೀಮಾ?"

"ಕ್ರೀಮ್ ಮಾರೋರ ಮುಖದ ಥರ ಇದ್ಯಾ ನಂದು?"

"ಮುಖ ಎಲ್ಲಿದೆ? ತೋರಿಸಿ, ಹೇಳ್ತೀನಿ."

ಸಿಗ್ನಲ್ ಬಿಟ್ಟಿತು. ನಗುತ್ತಾ ಹೋಗಿಯೇಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಆದರೆ ಬಿಡುವವಳು ನಾನಲ್ಲ. ತಪ್ಪು ಕಂಡ ಮೇಲೂ ಪುಟವನ್ನು ಅಚ್ಚಿಗೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಮರುದಿನವೂ ಕೇಳಿದೆ, ಅದರ ಮರುದಿನವೂ ಕೇಳಿದೆ. ಅಷ್ಟರಲ್ಲಿ ನನಗೊಂದು ಹೆಸರನ್ನೂ ಇಟ್ಟಿದ್ದ.

"ಬಂದ್ರಾ ಮುಸುಕಮ್ಮ? ಬೆನ್ನು ಬಿಡದ ಬೇತಾಳ ಅಂದ್ರೆ ನೀವೇ ನೋಡಿ."

"ತೋರಿಸಿದ್ರಾ?"

"ಇಲ್ಲ."

"ಹಾಗಾದ್ರೆ ಬಿಡಲ್ಲ. ಕಾಲರ್ ಇರೋ ಶರ್ಟ್ ಆದ್ರೂ ಹಾಕೋಕೆ ಏನ್ರೀ ಕಷ್ಟ?"

ಅವನ ನಗೆ ಸ್ವಲ್ಪ ಇಳಿಯಿತು. "ನಾನು ಲಿಫ್ಟ್ ರಿಪೇರಿ ಮಾಡೋನು ಕಣ್ರೀ. ಇಡೀ ದಿನ ಬಾವಿ ಥರದ ಕತ್ತಲೆ ಗುಂಡೀಲಿ ಗ್ರೀಸ್ ವಾಸನೆ ಕುಡ್ಕೊಂಡು ಇರ್ತೀನಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸೈಕಲ್ ಮೇಲೆ ಹೋಗ್ತೀನಲ್ಲ, ನಡುಮಧ್ಯಾಹ್ನ, ಅಷ್ಟೇ ನನಗೆ ಸಿಗೋ ಬಿಸಿಲು. ಅದನ್ನೂ ಮುಚ್ಕೋ ಅಂತೀರಾ?"

ಪಾಪ ಅನ್ನಿಸಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ಬಿಸಿಲು ಬೇಡ ಅಂದೋರ್ಯಾರು? ಒಲೆ ಮುಂದೆ ಕೂರೋದು ಬೇರೆ, ಒಲೆ ಒಳಗೇ ಕೂರೋದು ಬೇರೆ. ಸೈಕಲ್ ಪಕ್ಕಕ್ಕೆ ತಗೊಳ್ಳಿ. ಫೋನ್ ಕೊಡಿ."

ಯಾಕೋ ಕೊಟ್ಟೇಬಿಟ್ಟ. ಫುಟ್‌ಪಾತಿನ ಮೇಲೆ ಅವನ ಹಿಂದೆ ನಿಂತು ಫೋಟೋ ತೆಗೆದೆ. ನನ್ನ ಕನ್ನಡಕ ತೆಗೆದೆ, ಸ್ಕಾರ್ಫು ಬಿಚ್ಚಿದೆ, ಅವನೆದುರು ಬಂದು ನಿಂತೆ.

"ನೋಡಿ. ಇದು ನನ್ನ ಮುಖ. ತಮಾಷೆ ಮಾಡೋರ ಮುಖಾನಾ?"

ಅವನು ನೋಡಿದ. ಫೋನನ್ನಲ್ಲ, ನನ್ನನ್ನು. ಉತ್ತರ ಹೇಳಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ನೋಡಿದ. ಬಿಸಿಲು ನೇರ ನನ್ನ ಕೆನ್ನೆಗೆ ಬೀಳುತ್ತಿತ್ತು, ಬಿಸಿಯಾದದ್ದು ಅದಕ್ಕೇ ಎಂದುಕೊಂಡೆ.

"ಅಲ್ಲ," ಎಂದ ಮೆಲ್ಲಗೆ. ಆಮೇಲೆ ಫೋನು ನೋಡಿದ. ನಗೆ ಮಾಯವಾಯಿತು. "ಇದು... ನಂದಾ?"

"ತನ್ನ ಬೆನ್ನು ತನಗೆ ಕಾಣಲ್ಲ ಅಂತಾರಲ್ಲ. ಮನೇಲಿ ಯಾರೂ ನೋಡ್ಲಿಲ್ವಾ?"

"ಮನೇಲಿ ಅಪ್ಪ ಒಬ್ರೇ. ಅವರಿಗೆ ಕಣ್ಣು ಮಂಜು. ನಾನು ಬಂದೆ ಅನ್ನೋದು ಅವರಿಗೆ ಗೊತ್ತಾಗೋದು ಚಪ್ಪಲಿ ಸಪ್ಪಳದಿಂದ."

ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ಮತ್ತೊಮ್ಮೆ ನೋಡಿದ. ಆಮೇಲೆ ಅವನೇ ಕೇಳಿದ, "ಡಾಕ್ಟರ್ ಹತ್ರ ನೀವೂ ಬರ್ತೀರಾ?"

ಚರ್ಮದ ಡಾಕ್ಟರು ಮಾತಿನಲ್ಲಿ ನನಗಿಂತ ಖಡಕ್ ಹೆಂಗಸು. ಭೂತಗನ್ನಡಿಯಂಥದ್ದನ್ನು ಮಚ್ಚೆಗೆ ಒತ್ತಿ ನೋಡಿದರು. "ಇದನ್ನ ತೆಗೆದು ಪರೀಕ್ಷೆಗೆ ಕಳಿಸಲೇಬೇಕು. ಯಾರು ಮೊದಲು ಗಮನಿಸಿದ್ದು?"

"ಇವರು," ಎಂದ.

"ನೀವು ಇವರಿಗೆ ಏನಾಗಬೇಕು?"

"ನಾನು... ಇವರ ಹಿಂದೆ ಬರೋಳು," ಎಂದೆ.

ಡಾಕ್ಟರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ಅವನು ಕೆಮ್ಮಿದ. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಮಚ್ಚೆ ತೆಗೆದು ಹೊಲಿಗೆ ಹಾಕಿದರು. ಹೊಲಿಗೆ ಬಿಚ್ಚುವವರೆಗೂ ಸೈಕಲ್ ಮುಟ್ಟಬಾರದು ಎಂದರು. "ರಿಪೋರ್ಟ್ ಬಂದ್ಮೇಲೆ ಸೇತುವೆ ಮೇಲೆ ಸಿಗ್ತೀನಿ," ಎಂದು ಅವನು ಬಸ್ಸು ಹತ್ತಿದ. ಒಬ್ಬರ ನಂಬರು ಒಬ್ಬರು ಕೇಳಬೇಕೆಂಬ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಆಮೇಲೆ ಸೇತುವೆ ಬರಿದೋ ಬರಿದು. ಮುಂದೆ ಯಾರ್ಯಾರದೋ ಬೆನ್ನುಗಳು. ಶ್ರುತಿ ತಪ್ಪಿದ ಆ ಸೀಟಿ ಇಲ್ಲದೆ ಇಳಿಜಾರು ಕೂಡ ಏರಿನಂತೆ ಕಾಲೆಳೆಯುತ್ತಿತ್ತು. ಪ್ರೆಸ್ಸಿನಲ್ಲಿ ತಲೆಬರಹದ ಒತ್ತಕ್ಷರವೇ ಹಾರಿಹೋಗಿದ್ದನ್ನು ನೋಡದೆ ಬಿಟ್ಟೆ. ಯಜಮಾನರು ಮುಖ ಮೋರೆ ನೋಡದೆ ಬೈದರು. ಕೆಟ್ಟ ಸುದ್ದಿ ಬಂದಿದ್ದರೆ? ಅದನ್ನು ಕೇಳಿ ಅವನು ಆ ಮಂಜುಗಣ್ಣಿನ ಅಪ್ಪನೆದುರು ಒಬ್ಬನೇ ಕೂತಿದ್ದರೆ? ಕೂತಲ್ಲಿ ಕೂರಲಾಗಲಿಲ್ಲ. ಕೆಟ್ಟದ್ದೇ ಆದರೂ ಸರಿ, ಜೊತೆಗೆ ನಿಲ್ಲುವವಳು ನಾನೇ ಎಂದು ನಿರ್ಧಾರ ಮಾಡಿದೆ. ಇದಕ್ಕೆ ಪ್ರೀತಿ ಎನ್ನದೆ ಇನ್ನೇನೆನ್ನಲಿ?

"ತಟ್ಟೆ ಮುಂದೆ ಕೂತು ಯಾವ ಲೋಕದಲ್ಲಿದ್ದೀಯೇ? ಯಾರೇ ಅದು?" ಎಂದಳು ಅಮ್ಮ.

"ಒಂದು ಕುತ್ತಿಗೆ, ಅಮ್ಮ."

"ಕುತ್ತಿಗೇನಾ? ತಲೆಗಿಲೆ ಇದ್ಯೋ ಇಲ್ವೋ ಅದಕ್ಕೆ?"

"ಇದೆ. ಸ್ವಲ್ಪ ಕೆಟ್ಟಿದೆ. ಸರಿ ಮಾಡ್ತೀನಿ."

ಅಷ್ಟು ಹೊತ್ತಿಗೆ ಮನಸ್ಸು ಗಟ್ಟಿಯಾಗಿತ್ತು. ನಾಳೆಯೂ ಸೇತುವೆಗೆ ಬರದಿದ್ದರೆ ಊರಿನ ಲಿಫ್ಟುಗಳನ್ನೆಲ್ಲ ಕೆಡಿಸಿಯಾದರೂ ಅವನನ್ನು ಕರೆಸುವವಳೇ.

ಮರುದಿನ ಬೆಳಿಗ್ಗೆ ಸೇತುವೆಯ ನಡುವೆ ಒಬ್ಬ ಮೂಟೆಯಂಥ ಮನುಷ್ಯ ಕಂಬಿಗೆ ಸೈಕಲ್ ಆನಿಸಿ ನಿಂತಿದ್ದ. ಕಾಲರ್ ಎತ್ತಿದ ಉದ್ದ ತೋಳಿನ ಅಂಗಿ, ಹೆಲ್ಮೆಟ್ಟಿನ ಹಿಂದೆ ಭುಜದವರೆಗೆ ಇಳಿಬಿದ್ದ ಬಟ್ಟೆ, ಕಪ್ಪು ಕನ್ನಡಕ, ಮೂಗಿನ ಮೇಲೆ ಬೆಳ್ಳನೆ ಕ್ರೀಮು. ಯಾರೋ ಎಂದು ದಾಟಿಹೋದೆ.

"ಮುಸುಕಮ್ಮ!"

ಬ್ರೇಕು ಕಿರ್ರೆಂದಿತು.

"ಇಷ್ಟು ದಿನ ಹಿಂದೆ ಬಂದು ಗುರುತು ಸಿಗಲ್ವಾ?"

"ನನಗೆ ಗೊತ್ತಿದ್ದ ಗುರುತನ್ನೇ ಮುಚ್ಕೊಂಡು ನಿಂತಿದ್ದೀರಲ್ಲ! ರಿಪೋರ್ಟ್ ಏನಾಯ್ತು? ಬೇಗ ಹೇಳಿ, ಇಲ್ಲಾಂದ್ರೆ ನದಿಗೆ ತಳ್ತೀನಿ."

ಅವನು ಕನ್ನಡಕ ತೆಗೆದ. "ಕೆಟ್ಟದ್ದೇ ಅಂತೆ. ಆದ್ರೆ ಮೇಲ್ಪದರ ದಾಟಿರ್ಲಿಲ್ಲ. ಸುತ್ತ ಇನ್ನಷ್ಟು ಚರ್ಮ ಕೆತ್ತಿ ತೆಗೆದ್ರು, ಪೂರ್ತಿ ಹೋಗಿದೆ. ಅದಕ್ಕೇ ತಡವಾಯ್ತು. ಇನ್ನಷ್ಟು ತಿಂಗಳು ಹಾಗೇ ಬಿಟ್ಟಿದ್ರೆ ಕಥೆಯೇ ಬೇರೆ ಆಗ್ತಿತ್ತು ಅಂದ್ರು ಡಾಕ್ಟರ್."

ನಾನು ಕಂಬಿ ಹಿಡಿದುಕೊಂಡೆ. ಕಪ್ಪು ಕನ್ನಡಕದ ಉಪಯೋಗ ಬಿಸಿಲಿಗೆ ಮಾತ್ರವಲ್ಲ ಎಂದು ಅಂದು ಗೊತ್ತಾಯಿತು.

"ಅಳ್ತಿದ್ದೀರಾ?"

"ಬೆವರು."

"ಡಾಕ್ಟರ್ ಇನ್ನೊಂದು ಮಾತು ಹೇಳಿದ್ರು. ಕುತ್ತಿಗೆಗೆ, ಕಿವಿಗೆ ಕ್ರೀಮ್ ನಾನೇ ಹಚ್ಕೋಬಹುದು. ಆದ್ರೆ ಬೆನ್ನನ್ನೆಲ್ಲಾ ತಿಂಗಳಿಗೊಂದು ಸಲ ಸರಿಯಾಗಿ ನೋಡಬೇಕಂತೆ. ಮನೆಯವರು ನೋಡಬೇಕಂತೆ."

"ನೋಡ್ಲಿ."

"ಅಪ್ಪನಿಗೆ ಕಣ್ಣು ಮಂಜು."

"ಗೊತ್ತು."

"ಅಂದ್ರೆ..." ಕೈಗವಸನ್ನು ತೆಗೆದ, ಮತ್ತೆ ಹಾಕಿದ. "ಮನೆಯವರು ಅಂತ ಒಬ್ರು ಬೇಕಾಗಿದ್ದಾರೆ."

ಆ ಪದಕ್ಕೆ ಎಷ್ಟು ಅರ್ಥವಿದೆ ಎಂಬುದನ್ನು ಕರಡು ತಿದ್ದುವವಳಿಗೆ ಹೇಳಿಕೊಡಬೇಕೆ? ಆದರೂ ಅಷ್ಟು ಸುಲಭಕ್ಕೆ ಬಿಡಲಿಲ್ಲ.

"ವಾಕ್ಯ ಪೂರ್ತಿ ಹೇಳಿ. ತಪ್ಪಿದ್ರೆ ತಿದ್ತೀನಿ."

ಅವನು ಉಸಿರೆಳೆದುಕೊಂಡ. "ನೀವಂದ್ರೆ ನನಗೆ ತುಂಬ ಇಷ್ಟ. ಆವತ್ತು ಮುಖ ತೋರಿಸಿದ್ರಲ್ಲ, ಅದಕ್ಕೂ ಮುಂಚೆಯಿಂದ. ನನ್ನ ಮದುವೆ ಆಗ್ತೀರಾ?"

"ತಪ್ಪಿಲ್ಲ," ಎಂದೆ.

"ಅಂದ್ರೆ?"

"ಅಚ್ಚಿಗೆ ಹೋಗಬಹುದು."

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ, ಬಿಳಿ ಮೂಗಿನ ಆ ಮುಖ ಅರಳಿದ್ದನ್ನು ನಾನು ಕಣ್ತುಂಬ ನೋಡಿದೆ. ಇಬ್ಬರೂ ಸೈಕಲ್ ಹತ್ತಿದೆವು.

"ನಾನು ಮುಂದೆ ಹೋಗ್ಲಾ?" ಎಂದ.

"ಬೇಡ. ಇನ್ಮೇಲೆ ನಾನು ಹಿಂದೆ ಬರಲ್ಲ. ಪಕ್ಕದಲ್ಲೇ ಬರ್ತೀನಿ."

"ಮತ್ತೆ ನನ್ನ ಬೆನ್ನು ನೋಡೋರ್ಯಾರು?"

"ಅದನ್ನ ಮನೇಲಿ ನೋಡ್ತೀನಿ."